ಸೋರಿಕೆ ಸೊನ್ನೆ

"ಇದನ್ನ ಯಾರು ಸುತ್ತಿದ್ದು?" ಎಂದಳು ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿ, ನಿದ್ದೆಯಲ್ಲಿ ಹಾಕುವ ಗಾಳಿ ಮೆಷಿನ್ನಿನ ಮಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು. ಮೂಗಿನ ಮುಂದೆ ಬಾಗಿ ಬರುವ ಕೊಳವೆಯ ಮೇಲೆ ಬಿಳಿ ಟೇಪು ಏಳು ಸುತ್ತು, ಒಂದೂ ಸುಕ್ಕಿಲ್ಲದೆ ಕೂತಿತ್ತು.

"ನಾನೇ," ಎಂದ ಫಿಟ್ಟರ್. "ಕಳಪೆ ಮಾಲು ಕೊಟ್ಟಿದ್ದೀರ. ಸುತ್ತ ಸಣ್ಣ ಸಣ್ಣ ತೂತು, ಬುಸ್ ಅಂತ ಗಾಳಿ ಹೋಗ್ತಿತ್ತು. ಸರಿಮಾಡ್ದೆ."

"ಅದಕ್ಕೇ ಮೆಷಿನ್ನಿನ ಮೆಮೊರಿ ಕಾರ್ಡಲ್ಲಿ ಸೋರಿಕೆ ಸೊನ್ನೆ ಅಂತ ಬರ್ತಿದೆ."

ಸೊನ್ನೆ ಎಂಬ ಮಾತಿಗೆ ಅವನ ಎದೆ ಉಬ್ಬಿತು. ಇಪ್ಪತ್ತಾರು ವರ್ಷ ಕಾರ್ಖಾನೆಯ ಕಂಪ್ರೆಸರ್ ರೂಮಿನಲ್ಲಿ ಗಾಳಿಯ ಪೈಪುಗಳನ್ನು ಕಾಯ್ದವನು ಅವನು. ಸೋಪಿನ ನೀರಲ್ಲಿ ಅದ್ದಿದ ಬ್ರಷ್ಷನ್ನು ಒಂದೊಂದು ಜೋಡಣೆಗೂ ಸವರಿ, ಗುಳ್ಳೆ ಎದ್ದಲ್ಲಿ ಬಿಗಿದು, ಮತ್ತೆ ಸವರಿ ನೋಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಗೆ ಬಂದ ಈ ಮಾಸ್ಕಿಗೂ ಮೊದಲ ದಿನವೇ ಸೋಪಿನ ನೀರಿನ ಸತ್ಕಾರವಾಗಿತ್ತು.

ಆದರೆ ಕಾರ್ಡು ಇನ್ನೊಂದನ್ನೂ ಹೇಳುತ್ತಿತ್ತು. ಹತ್ತು ರಾತ್ರಿಗಳಲ್ಲಿ ಒಂದು ರಾತ್ರಿಯೂ ಅವನು ಮಾಸ್ಕನ್ನು ಒಂದು ಗಂಟೆಗಿಂತ ಹೆಚ್ಚು ಹಾಕಿರಲಿಲ್ಲ. ಹುಡುಗಿ ಕಾರಣ ಕೇಳಿದಳು.

"ಹಾಕಿದ್ರೆ ತಲೆ ಸಿಡಿಯತ್ತೆ, ಉಸಿರು ಕಟ್ಟತ್ತೆ. ಉಸಿರು ಕಟ್ಟೋ ರೋಗಕ್ಕೆ ಉಸಿರು ಕಟ್ಟಿಸೋ ಮದ್ದು. ಭೇಷಾಗಿದೆ."

ಪಕ್ಕದಲ್ಲಿದ್ದ ಹೆಂಡತಿ ಸೆರಗಿನ ಅಂಚು ಸುರುಳಿ ಸುತ್ತುತ್ತ ಕೂತಿದ್ದಳು. ಕಾರ್ಖಾನೆಯಲ್ಲಿ ಅವನಿಗೆ 'ಎರಡನೇ ಕಂಪ್ರೆಸರ್' ಎಂದು ಅಡ್ಡಹೆಸರು. ಅಲ್ಲಿನವರಿಗೆ ಗೊತ್ತಿದ್ದದ್ದು ಅವನ ಗೊರಕೆ ಮಾತ್ರ. ಗೊರಕೆ ತಟ್ಟನೆ ನಿಂತಾಗಿನ ಮೌನ ಗೊತ್ತಿದ್ದದ್ದು ಇವಳೊಬ್ಬಳಿಗೇ. ಹನ್ನೆರಡು ವರ್ಷದಿಂದ ಅಡುಗೆಮನೆಯ ಹಳೇ ಸೌಟು ಅವಳ ದಿಂಬಿನ ಪಕ್ಕದಲ್ಲಿ ಮಲಗುತ್ತಿತ್ತು. ಉಸಿರು ನಿಂತು ಹತ್ತು ಎಣಿಸುವಷ್ಟರಲ್ಲಿ ಮರಳದಿದ್ದರೆ ಅದರ ಹಿಡಿಯಿಂದ ಅವನ ಪಕ್ಕೆಗೆ ತಿವಿಯುತ್ತಿದ್ದಳು.

ಎರಡು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿದ್ದಾಗ ಫಿಟ್ಟರ್ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಮ್ಯಾನೇಜರ್ ಕಣ್ಣಾರೆ ಕಂಡರು. ಅಂದೇ ರೂಮಿನ ಕೀಲಿ ಅವರ ಮೇಜಿನ ಡ್ರಾಯರಿಗೆ ಸೇರಿತು, ಇವನು ಗೇಟಿನ ಕಾವಲಿಗೆ. ಡಾಕ್ಟರು ಒಂದು ರಾತ್ರಿ ಮೈತುಂಬ ತಂತಿ ಅಂಟಿಸಿ ಮಲಗಿಸಿ ನೋಡಿ, ನಿದ್ದೆಯಲ್ಲಿ ಗಂಟಲು ಸಡಿಲಾಗಿ ಗಂಟೆಗೆ ನಲವತ್ತು ಸಲ ಮುಚ್ಚುತ್ತಿದೆ ಎಂದರು. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿದು ಹೃದಯ ಬೆಚ್ಚಿಬೀಳುತ್ತದೆ. ಬಿ.ಪಿ. ಏರಿದ್ದಕ್ಕೂ ಎದೆಬಡಿತ ತಾಳ ತಪ್ಪಿದ್ದಕ್ಕೂ ಇದರ ನಂಟಿದೆ. ಹೀಗೇ ಬಿಟ್ಟರೆ ಪಾರ್ಶ್ವವಾಯು ಹೊಡೆಯಬಹುದು. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ಹೃದಯದ ಮಾತ್ರೆ ತಪ್ಪಿಸಬಾರದು. ದವಡೆಗೆ ಹಾಕುವ ಅಚ್ಚು, ಆಪರೇಷನ್ ಎಲ್ಲ ಇವೆ, ಆದರೆ ಇಷ್ಟು ಜೋರಾಗಿರುವುದಕ್ಕೆ ಒತ್ತಡದ ಗಾಳಿ ಊದಿ ಗಂಟಲು ತೆರೆದಿಡುವ ಈ ಗಾಳಿ ಮೆಷಿನ್ನೇ ಮೊದಲು. ಒಂದು ತಿಂಗಳು ದಿನಾ ನಾಲ್ಕು ಗಂಟೆಗಿಂತ ಕಡಿಮೆಯಿಲ್ಲದೆ ಹಾಕಿ ಹಗಲು ತೂಕಡಿಕೆ ನಿಂತರೆ ಡಾಕ್ಟರು ಪತ್ರ ಕೊಡುತ್ತಾರೆ, ಪತ್ರ ಬಂದರೆ ಕೀಲಿ. ಇಲ್ಲವಾದರೆ ನಿವೃತ್ತಿಯವರೆಗೂ ಗೇಟೇ ಗತಿ.

ಹುಡುಗಿ ಮಾಸ್ಕನ್ನು ಅವನ ಅಂಗೈಯಲ್ಲಿಟ್ಟಳು. "ಇದು ಸೋರಿಕೆ ಅಲ್ಲ ಸರ್. ನೀವು ಬಿಟ್ಟ ಉಸಿರು ಹೊರಗೆ ಹೋಗ್ಲಿ ಅಂತಲೇ ಇಟ್ಟಿರೋ ತೂತು. ಮುಚ್ಚಿದ್ರೆ ಬಿಟ್ಟ ಉಸಿರನ್ನೇ ಮತ್ತೆ ಎಳ್ಕೋತೀರ."

ಫಿಟ್ಟರ್ ಟೇಪಿನ ಸುತ್ತಿನ ಮೇಲೆ ಹೆಬ್ಬೆರಳು ಆಡಿಸಿದ. ಹಿಂದೊಮ್ಮೆ ಸದ್ದು ಕಿವಿಗೆ ಕಿರಿಕಿರಿ ಎಂದು, ಹೆಚ್ಚಾದ ಗಾಳಿ ಹೊರಬಿಡುವ ಸೇಫ್ಟಿ ವಾಲ್ವಿಗೆ ಬಟ್ಟೆ ತುರುಕಿದ ಕೆಲಸಗಾರನನ್ನು ಅವನು ಕತ್ತಿನ ಪಟ್ಟಿ ಹಿಡಿದು ಆಚೆ ದಬ್ಬಿದ್ದ. ಈಗ ತನ್ನ ಮೂಗಿಗೇ ಅದನ್ನು ಮಾಡಿಕೊಂಡಿದ್ದ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯ ಮೇಲೆ ಸಿಟ್ಟೂ ಬಂತು. ಟೇಪಿನ ತುದಿ ಹುಡುಕಿ ಒಂದೇ ಎಳೆತಕ್ಕೆ ಬಿಚ್ಚಿ ಕಸದ ಬುಟ್ಟಿಗೆ ಎಸೆದ.

"ಇವತ್ತಿಂದ ಎಣಿಸ್ಕೋ ಮಗಳೇ. ಮೂವತ್ತು ದಿನ," ಎಂದ.

ಅದುವರೆಗೆ ಬಾಗಿಲಿಗೆ ಚಿಲಕ ಹಾಕಿ, ಕಳ್ಳಮಾಲಿನಂತೆ ಮಾಸ್ಕು ಹಾಕುತ್ತಿದ್ದವನು ಅಂದು ಮಂಚವನ್ನೇ ಎಳೆದು ಬೀದಿ ಕಡೆಯ ಕೋಣೆಗೆ ತಂದ. ಮೊದಲ ವಾರ ಮೂಗಿನ ಬುಡ ಹುಣ್ಣಾಯಿತು, ಬಾಯಿ ಒಣಗಿತು. ಕೆಲವು ರಾತ್ರಿ ಅದನ್ನು ಕಿತ್ತು ಗೋಡೆಗೆ ಒಗೆಯಬೇಕು ಅನ್ನಿಸಿದರೂ ಒಗೆಯಲಿಲ್ಲ. ಮನೆಗೆ ಬಂದ ಭಾವಮೈದ ನೋಡಿ, "ಏನ್ ಭಾವ, ಆನೆ ಸೊಂಡಿಲು ಕಟ್ಕೊಂಡ್ರಾ?" ಎಂದು ನಕ್ಕ.

"ಸೊಂಡಿಲಿದ್ರೆ ತಾನೇ ಆನೆ. ಇಲ್ದಿದ್ರೆ ಬರೀ ಹೊಟ್ಟೆ, ನಿನ್ನ ಹಾಗೆ."

ಮೂವತ್ತೊಂದನೆಯ ದಿನ ಅವನು ಡಾಕ್ಟರ ಪತ್ರವನ್ನೂ ಕಾರ್ಡಿನ ಕಾಗದವನ್ನೂ ಮ್ಯಾನೇಜರರ ಮೇಜಿನ ಮೇಲಿಟ್ಟ. ಅವರು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಮೂರು ತಿಂಗಳು ನೋಡೋಣ, ಗೇಟಿನಲ್ಲಿ ಆರಾಮವಾಗಿದೆಯಲ್ಲ ಎಂದರು.

"ಮೂರು ತಿಂಗಳು ಯಾಕೆ ಸರ್, ಜೀವ ಇರೋವರೆಗೂ ನೋಡಿ. ದಿನಾ ಬೆಳಿಗ್ಗೆ ಕಾರ್ಡ್ ತಂದು ಇಲ್ಲೇ ಇಡ್ತೀನಿ. ನೋಡೋದು ನಿಮ್ಮ ಕೆಲಸ, ಕಂಪ್ರೆಸರ್ ನನ್ನ ಕೆಲಸ. ಕೀಲಿ ಕೊಡಿ."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಡ್ರಾಯರು ತೆರೆಯಿತು.

ಆ ಭಾನುವಾರ ಊಟವಾದ ಮೇಲೆ ಫಿಟ್ಟರ್ ಕಿಟಕಿಯನ್ನು ಅಗಲವಾಗಿ ತೆರೆದಿಟ್ಟೇ ಮಾಸ್ಕು ಹಾಕಿ ಮಲಗಿದ. ಬೀದಿಯಲ್ಲಿ ಹೋಗುವವರು ಇಣುಕಿದರು, ಇಣುಕಲಿ. ಹೆಂಡತಿ ಅಭ್ಯಾಸಬಲದಿಂದ ಸೌಟು ಹಿಡಿದು ಪಕ್ಕದಲ್ಲಿ ಕೂತು ಎಣಿಸತೊಡಗಿದಳು. ತೂತುಗಳಿಂದ ಗಾಳಿ ಸಣ್ಣಗೆ ಬುಸುಗುಡುತ್ತ ಹೊರಗೆ ಹೋಗುತ್ತಿತ್ತು, ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಎಣಿಕೆ ಒಂದು ಸಲವೂ ಮೂರು ದಾಟಲಿಲ್ಲ.

ಅವಳು ಎದ್ದು ಹೋಗಿ ಸೌಟು ತೊಳೆದಳು. ಒಲೆಯ ಮೇಲಿನ ಗೋಡೆಯಲ್ಲಿ ಹನ್ನೆರಡು ವರ್ಷ ಖಾಲಿಯಿದ್ದ ಮೊಳೆಗೆ ಅದನ್ನು ನೇತುಹಾಕಿ ಬಂದು, ಅವನ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಭಾವಮೈದ ಬಂದು ಬಾಗಿಲು ಬಡಿದೇ ಬಡಿದ. ಇಬ್ಬರಲ್ಲಿ ಯಾರೂ ನಿದ್ದೆಯಿಂದ ಏಳಲಿಲ್ಲ.