ಎಣ್ಣಿ ಪಂಪಿಗೆ ಬಾಯಿ ಹಚ್ಚಬ್ಯಾಡ್ರಿ

ಕಬ್ಬಿನ ಸಾಲುಗಳ ನಡುವೆ ಕಸ ಮೊಣಕಾಲಿನವರೆಗೆ ಬೆಳೆದು ನಿಂತಿತ್ತು. ಮಸಗುಪ್ಪಿಯಲ್ಲಿ ಕಸ ತೆಗೆಯಲು ಆಳು ಸಿಗುವುದು ಈಗ ಕಷ್ಟ. ಹೊಲದ ಒಡೆಯ ಸತ್ತೆಪ್ಪ ಆಳು ಹುಡುಕುತ್ತ ಎರಡು ದಿನ ಊರೆಲ್ಲ ತಿರುಗಿದ. ಮೂರನೆಯ ದಿನ ಬೆಳಿಗ್ಗೆ ಪಂಪನ್ನು ಬೆನ್ನಿಗೇರಿಸಿಕೊಂಡು ಕಸಕ್ಕೆ ಎಣ್ಣಿ ಹೊಡೆಯಲು ಹೊರಟ. ಹೊಲದ ಔಷಧಕ್ಕೆಲ್ಲ ಎಣ್ಣಿ ಎನ್ನುವುದು ನಮ್ಮ ಕಡೆಯ ರೂಢಿ.

ನಾಲ್ಕು ಸಾಲು ಮುಗಿಯುವುದರೊಳಗೆ ಪಂಪಿನ ತುದಿಯ ನೋಝಲ್ ತೂತು ಕಟ್ಟಿತು. ಸತ್ತೆಪ್ಪ ಎಲ್ಲರೂ ಮಾಡುವುದನ್ನೇ ಮಾಡಿದ. ನೋಝಲ್ ಬಿಚ್ಚಿ ಬಾಯಿಗಿಟ್ಟು ಊದಿದ. ಬಿಡಲಿಲ್ಲ. ಒಮ್ಮೆ ಹೀರಿದ. ತೂತು ಬಿಟ್ಟಿತು, ಎಣ್ಣಿಯೂ ಬಾಯಿಗೆ ಬಂತು. ಥೂ ಎಂದು ಉಗುಳಿ, ಉಳಿದ ಸಾಲು ಮುಗಿಸಿ ಮನೆಗೆ ಬಂದ.

ಮಧ್ಯಾಹ್ನ ಊಟಕ್ಕೆ ಕುಳಿತರೆ ರೊಟ್ಟಿ, ಕಡಲೆಹಿಟ್ಟಿನ ಜುಣಕಾ ಒಳಗೆ ಹೋಗಲೊಲ್ಲದು. ಅಷ್ಟರಲ್ಲಿ ಬಾಜೂ ಮನೆಯ ಕೂಸಿನ ಲಸಿಕೆಯ ದಿನ ಹೇಳಲು ಬಂದಿದ್ದ ಆಶಾ ಕಾರ್ಯಕರ್ತೆ ರಾಜೇಶ್ವರಿ ಒಳಗೆ ಇಣುಕಿದಳು.

“ಏನ್ರಿ ಕಾಕಾ, ಕಾಕು ಮಾಡಿದ ಜುಣಕಾ ಸೇರಲಿಲ್ಲೇನು?”

“ನಾಲಿಗಿ ಉರಿಯಾಕತ್ತೈತಿ ಯವ್ವಾ. ನೋಝಲ್ ಕಟ್ಟಿತ್ತು, ಹೀರಿದೆ. ಸ್ವಲ್ಪ ಬಾಯಾಗ ಬಂತು.”

ರಾಜೇಶ್ವರಿಯ ನಗು ನಿಂತಿತು. “ಯಾವ ಎಣ್ಣಿ? ಡಬ್ಬಿ ತೋರಸ್ರಿ.”

ಡಬ್ಬಿಯ ಮೇಲೆ ಪ್ಯಾರಾಕ್ವಾಟ್ ಎಂದಿತ್ತು.

“ಕಾಕಾ, ಬಾಯಿ ಚಂದಂಗ ಮುಕ್ಕಳಸ್ರಿ. ಅಂಗಿ ಬಿಚ್ಚಿ ಸಬಕಾರ ಹಚ್ಚಿ ಮೈ ತೊಳ್ಕೋರಿ. ಗೋಕಾಕ ದವಾಖಾನಿಗೆ ಹೋಗೂನು, ಈಗಿಂದೀಗ.”

“ಹುಚ್ಚ ಹಿಡದೈತೇನ ನಿನಗ? ಇಪ್ಪತ್ತು ವರ್ಷದಿಂದ ಊದಾಕತ್ತೇನಿ. ಬೆಣ್ಣಿ ಹಚ್ಚಿದ್ರ ಮುಂಜಾನಿಗೆ ಹೋಕ್ಕೈತಿ. ನಾಳೆ ನನ್ನ ನೀರಿನ ಪಾಳಿ ಐತಿ.”

“ನೀರು ನಿಮ್ಮ ತಮ್ಮ ಮಲ್ಲೇಶ ಹಾಯಸ್ತಾನ,” ಎಂದಳು ಹೆಂಡತಿ ಭರಮವ್ವ. “ನೀವು ಹಾಯಿಸಿದ್ರ ಅರ್ಧಾ ನೀರು ಮಂದಿ ಹೊಲಕ್ಕ ಹೋಕ್ಕೈತಿ.”

“ನಡದ ಮನಿಗೆ ಬಂದೇನಿ, ಉಸರಾಡಾಕತ್ತೇನಿ. ನನಗೇನಾಗೇತಿ?”

ರಾಜೇಶ್ವರಿ ಎದುರಿಗೆ ಕುಳಿತಳು. “ಮುಂಜಾನೆ ಎಣ್ಣಿ ಹೊಡದ ಕಸ ಸಂಜಿಕ ಹೆಂಗ ಆಗತೈತಿ ಕಾಕಾ?”

“ಸುಟ್ಟಂಗ ಆಗತೈತಿ. ಬಿಸಲು ಜೋರ ಇದ್ರ ಇನ್ನೂ ಲಗೂನ.”

“ಅದರಾಗ ಬೆಂಕಿ ಇಲ್ಲ. ಎಲಿಯೊಳಗಿನ ಆಮ್ಲಜನಕಾನ ಅದು ಕೆರಳಸತೈತಿ. ಕೆರಳಿದ್ದು ಎಲಿ ತಿಂತೈತಿ. ನಾವು ಎಳಕೊಳ್ಳು ಉಸರಿನ್ಯಾಗೂ ಅದ ಆಮ್ಲಜನಕ ಐತಿ. ಈ ವಿಷ ರಕ್ತದಾಗಿಂದ ಹೋಗಿ ಶ್ವಾಸಕೋಶದಾಗ ಕುಂತ್ರ ಅಲ್ಲೂ ಅದ ಕೆಲಸಾ. ಎಲಿ ಸುಟ್ಟದ್ದು ಸಂಜಿಕ ಕಾಣತೈತಿ. ಒಳಗ ಸುಟ್ಟದ್ದು ನಾಕ ದಿನಾ ಹೋದಮ್ಯಾಲ ಕಾಣತೈತಿ. ಅವಾಗ ಹೋದ್ರ ತಡಾ ಆಗಿರತೈತಿ.”

ಸುಟ್ಟ ಎಲೆ ಸತ್ತೆಪ್ಪನಿಗೆ ಗೊತ್ತಿತ್ತು. ಎದ್ದು ಬಾಯಿ ಮುಕ್ಕಳಿಸಲು ಹೋದ. ರಾಜೇಶ್ವರಿ ೧೦೮ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ದವಾಖಾನೆಯಲ್ಲಿ ಇದ್ದಿಲಿನಂಥ ಕರೀ ಔಷಧ ಕುಡಿಸಿದರು. ಮೂತ್ರಕ್ಕೆ ಪುಡಿ ಹಾಕಿ ನೋಡಿದರೆ ತಿಳಿ ನೀಲಿ ಬಣ್ಣ ಬಂತು. ವಿಷ ಸ್ವಲ್ಪ ಒಳಗೆ ಹೋಗಿತ್ತು.

“ಸಾಹೇಬ್ರ, ಆಕ್ಸಿಜನ್ ಹಚ್ರಿ!” ಎಂದಳು ಭರಮವ್ವ.

“ಈ ವಿಷಕ್ಕ ಆಕ್ಸಿಜನ್ ಅಂದ್ರ ಒಲಿಗೆ ಕಟಗಿ ಹಾಕಿದಂಗರಿ ಅವ್ವಾ,” ಎಂದರು ಡಾಕ್ಟರು. “ಉಸರಿಗೆ ತೀರಾ ಕಡಿಮಿ ಬಿದ್ರ ಮಾತ್ರ ಅಳತಿ ನೋಡಿ ಕೊಡತೇವಿ.”

ಸತ್ತೆಪ್ಪ ಮಲಗಿದಲ್ಲಿಂದಲೇ ಕೇಳಿದ: “ಆ ಕೆರಳಿದ ಆಮ್ಲಜನಕ ಎಷ್ಟೈತಿ ಅಂತ ಅಳದ ಹೇಳ್ರಲಾ.”

“ಅದು ಕಣ್ಣ ಪಿಳಕಸೂದ್ರಾಗ ಹುಟ್ಟಿ ಹೋಗಿಬಿಡತೈತಿ, ಕೈಗೆ ಸಿಗೂದಿಲ್ಲ. ರಕ್ತದಾಗ ಅದು ಬಿಟ್ಟ ಹೋದ ಗುರುತು ಅಳತಿ ಮಾಡು ಲ್ಯಾಬ್ ಅದಾವು. ಖರೆ, ಆ ಅಂಕಿ ಒಂದ ನೋಡಿ ಅಂವಾ ಉಳಿತಾನ, ಇಂವಾ ಉಳಿಯೂದಿಲ್ಲ ಅಂತ ಹೇಳಾಕ ಬರೂದಿಲ್ಲ. ನಾವು ಅದು ಮಾಡಿದ ಹಾನಿ ಅಳತಿ ಮಾಡತೇವಿ. ದಿನಾ ರಕ್ತ ತಗದು ಕಿಡ್ನಿ ನೋಡತೇವಿ, ಎದಿ ಎಕ್ಸರೇ ತಗಿತೇವಿ.”

ಎರಡನೆಯ ದಿನ ರಕ್ತದಲ್ಲಿ ಕಿಡ್ನಿಯ ಅಂಕಿ ಏರಿತು, ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಮೂರನೆಯ ದಿನ ಇನ್ನಷ್ಟು. ಭರಮವ್ವ ವರದಿಯ ಕಾಗದ ಕಂಡರೆ ಮುಖ ತಿರುಗಿಸುತ್ತಿದ್ದಳು. ಐದನೆಯ ದಿನ ಅಂಕಿ ನಿಂತಿತು, ಆಮೇಲೆ ಇಳಿಯತೊಡಗಿತು. ಎದೆಯ ಎಕ್ಸರೇ ತಿಳಿಯಾಗಿತ್ತು. ಹತ್ತು ದಿನಕ್ಕೆ ಮನೆಗೆ ಕಳಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ತೋರಿಸಿ ಬಂದರು. ಡಾಕ್ಟರು, “ಗುಟುಕು ಸಣ್ಣದಿತ್ತು, ನೀವು ಲಗೂ ಬಂದ್ರಿ” ಎಂದರು.

ಆ ದಿನ ಮಲ್ಲೇಶ ಮೆಲ್ಲಗೆ ಹೇಳಿದ: “ಅಣ್ಣಾ, ನೋಝಲ್ ಕಟ್ಟಿದ್ರ ನಾನೂ ಬಾಯಿಂದ ಊದೂದ ಮಾಡ್ತೇನಿ.”

“ಹಳೇ ಹಲ್ಲುಜ್ಜು ಬ್ರಶ್ ತಗೊ, ನೀರಾಗ ತೊಳಿ. ಕೈಗೆ ಗ್ಲೌಸ್ ಹಾಕೊ. ನನ್ನ ಹಂಗ ಹತ್ತ ದಿನಾ ಮಲಗಬ್ಯಾಡ,” ಎಂದ ಸತ್ತೆಪ್ಪ.

ಅಣ್ಣಂದಿರೇ, ಅಕ್ಕಂದಿರೇ, ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆ ಹೊಲ ಇದ್ದವರ ಮನೆಯಲ್ಲಿ ಪಂಪು ಇದೆ. ನೋಝಲ್ ಕಟ್ಟಿದರೆ ಬಾಯಿಂದ ಊದಬೇಡಿ, ಹೀರಬೇಡಿ. ಎಣ್ಣಿಯನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡಬೇಡಿ. ಬಾಯಿಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ದವಾಖಾನೆಗೆ ಡಬ್ಬಿಯನ್ನು ಮರೆಯದೆ ಒಯ್ಯಿರಿ. ಆಕ್ಸಿಜನ್ ಮಾತು ಡಾಕ್ಟರಿಗೇ ಬಿಡಿ. ಇನ್ನೊಂದು ಮಾತು: ಮೈಯಾಗ ಏನೂ ಆಗಿಲ್ಲ ಅಂತ ಮನ್ಯಾಗ ಕುಂಡ್ರಬ್ಯಾಡ್ರಿ, ಅವತ್ತ ದವಾಖಾನಿಗೆ ಹೊಂಡ್ರಿ.