ಖಾಲಿ ಸೀಟಿನ ಬೂಸ್ಟ್

ಕನ್ನಡಕದಂಗಡಿಯವನಿಗೆ ತನ್ನ ಬಗ್ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ತಾನು ಪೆದ್ದ, ಅದೂ ಲ್ಯಾಪ್‌ಟಾಪ್ ಇರುವ ಪೆದ್ದ. ಅಂಗಡಿಯಲ್ಲಿ ಊರವರ ನೋಟ ತಿದ್ದುವವನು ಮನೆಗೆ ಬಂದರೆ ಹಳೆಯ ಟರ್ಬೋ ಕಾರಿಗೆ ಆ ಲ್ಯಾಪ್‌ಟಾಪ್ ಜೋಡಿಸಿ ಅದರ ಬೂಸ್ಟ್ ತಿದ್ದುತ್ತಿದ್ದ. ಟರ್ಬೋ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಆ ಒತ್ತಡವೇ ಬೂಸ್ಟ್. ಕಮ್ಮಿಯಾದರೆ ಕಾರು ತೂಕಡಿಸುತ್ತದೆ. ಮಿತಿ ಮೀರಿದರೆ ಎಂಜಿನ್ ಕೆಡದಿರಲೆಂದು ಕಾರಿನೊಳಗಿನ ಕಂಪ್ಯೂಟರು ಪೆಟ್ರೋಲನ್ನೇ ತಡೆದುಬಿಡುತ್ತದೆ. ನಡುವಿನ ಸರಿಯಾದ ಅಂಕಿ ಹುಡುಕುವುದರಲ್ಲೇ ಅವನ ಭಾನುವಾರಗಳೆಲ್ಲ ಮಣ್ಣುಪಾಲಾಗಿದ್ದವು.

ಮೇಲ್ಸೇತುವೆ ಹತ್ತುವಾಗ ಕಾರು ಕೈಕೊಟ್ಟ ದಿನ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: "ನೋಡ್ರೀ, ಇನ್ನೊಂದ್ಸಲ ಇದು ಮುಗ್ಗರಿಸ್ತೋ, ಮಾರಿಬಿಡೋದೇ. ಆಮೇಲೆ ಅಳ್ಬೇಡಿ."

ಅಳುವುದಂತೂ ಖಂಡಿತ ಎಂದು ಅವನಿಗೇ ಗೊತ್ತಿತ್ತು. ಆದ್ದರಿಂದ ಮತ್ತೆ ಒಬ್ಬನೇ ಗುಡ್ಡದ ರಸ್ತೆಗೆ ಹೋಗಿ ಅಂಕಿ ತಿದ್ದಿ ತಿದ್ದಿ ಓಡಿಸಿದ. ಕೊನೆಗೂ ಕಾರು ಬೆಣ್ಣೆಯ ಹಾಗೆ ಏರಿತು. ತನ್ನ ಬೆನ್ನು ತಾನೇ ತಟ್ಟಿಕೊಳ್ಳಹೋದ, ಸೀಟ್‌ಬೆಲ್ಟ್ ಬಿಡಲಿಲ್ಲ.

ಮರುದಿನ ಹೆಂಡತಿ, ಅತ್ತೆ, ನಾದಿನಿ ಮೂವರನ್ನೂ ಕೂರಿಸಿಕೊಂಡು ಅದೇ ರಸ್ತೆಗೆ ಬಂದ.

"ಆರಾಮಾಗಿ ಕೂತ್ಕೊಳಿ ಅತ್ತೆ, ಹತ್ತಿದ್ದೇ ಗೊತ್ತಾಗಲ್ಲ," ಎಂದು ಜಂಭ ಕೊಚ್ಚಿ ಆಕ್ಸಿಲರೇಟರ್ ಒತ್ತಿದ. ಬೂಸ್ಟಿನ ಮುಳ್ಳು ಸರ್ರನೆ ಏರಿ ಕೆಂಪು ಗೆರೆ ದಾಟಿತು. ಕಾರು ಗಕ್ಕನೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು.

"ಅಯ್ಯೋ ದೇವ್ರೇ!" ಅತ್ತೆ ಕೂಗಿಕೊಂಡರು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಗು ತಿಂದ ಮಂಗನಂತೆ ಲ್ಯಾಪ್‌ಟಾಪ್ ತೆರೆದ. ಕಾರಣ ಥಟ್ಟನೆ ಹೊಳೆಯಿತು. ಆದರೆ ಅದು ಬಾಯೊಳಗಿನ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಅದು... ಲೋಡು ಸ್ವಲ್ಪ ಜಾಸ್ತಿ ಆಯ್ತು."

"ಲೋಡು ಅಂದ್ರೆ ನಾನಾ, ಅಳಿಯಂದ್ರೇ?" ಎಂದರು ಅತ್ತೆ. ನಾದಿನಿ ಕಿಸಕ್ಕನೆ ನಕ್ಕಳು.

"ಛೆ ಛೆ, ತಪ್ಪು ನಂದೇ ಅತ್ತೆ. ಭಾರ ಹೆಚ್ಚಾದಷ್ಟೂ ಬೂಸ್ಟ್ ಏರುತ್ತೆ. ನಾನು ಯಾವಾಗ್ಲೂ ಖಾಲಿ ಕಾರಲ್ಲೇ ಅಂಕಿ ಹಾಕ್ದೆ. ಜೊತೆಗೆ ಜನಾನೂ ಕೂರ್ತಾರೆ ಅನ್ನೋದು ಈ ದಡ್ಡನ ತಲೆಗೆ ಬರ್ಲೇ ಇಲ್ಲ."

ಹೆಂಡತಿ ಮಾತ್ರ ನಗಲಿಲ್ಲ. "ಇಷ್ಟು ಭಾನುವಾರ ಖಾಲಿ ಸೀಟು ಹೊತ್ಕೊಂಡು ತಿರುಗಿದ್ರಲ್ಲ, ಒಂದಿನಾದ್ರೂ ನನ್ನ ಬಾರೇ ಅಂದ್ರಾ?" ಎಂದಳು. ಅವಳ ದನಿ ಒಡೆದಿತ್ತು.

ಅವನಿಗೆ ನಾಚಿಕೆಯಾಯಿತು. ಊರವರಿಗೆಲ್ಲ ಕನ್ನಡಕ ಕೊಟ್ಟವನಿಗೆ ಪಕ್ಕದ ಸೀಟು ಕಂಡಿರಲಿಲ್ಲ.

"ಮಾರಿಬಿಡೋಣ ಬಿಡು," ಎಂದ, ನಿಜವಾಗಿಯೇ.

ಅವಳು ಕಣ್ಣೊರೆಸಿಕೊಂಡು ಅವನ ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಎಳೆದುಕೊಂಡಳು. "ಮಾರೋದು ಆಮೇಲೆ. ಯಾವ ಅಂಕಿ ನೋಡ್ಬೇಕು ತೋರ್ಸಿ. ನಾನು ಓದ್ತೀನಿ, ನೀವು ಓಡ್ಸಿ."

"ನಾನು ಇಳೀಲಾ?" ಎಂದರು ಅತ್ತೆ.

"ಇಳೀಬೇಡಿ ಅತ್ತೆ. ನೀವಿಲ್ದೆ ಇದು ಸರಿಹೋಗಲ್ಲ."

ಅತ್ತೆ ಬೆಲ್ಟ್ ಬಿಗಿದುಕೊಂಡು ಭದ್ರವಾಗಿ ಕೂತರು. ಅವನು ಅಂಕಿ ಇಳಿಸಿ, ಹೆಂಡತಿಗೆ ಪರದೆಯ ಮೂಲೆ ತೋರಿಸಿ, ಕಾರನ್ನು ಮತ್ತೆ ಏರಿನ ಬುಡಕ್ಕೆ ತಿರುಗಿಸಿದ.