ಅಂಗಡಿ ಸುಟ್ಟರೆ ರೋಗ ಸಾಯುತ್ತಾ?

"ಆ ಪರದೇಶಿಯ ಮೊಸರೇ ನನ್ನ ಮೊಮ್ಮಗೂನ ನುಂಗಿದ್ದು!"

ಮಮೆಲ್ಲೊ ಸೀಮೆಎಣ್ಣೆ ಡಬ್ಬಿ ಹಿಡಿದು ಅಂಗಳಕ್ಕಿಳಿದಿದ್ದಳು. ಅವಳ ಸೊಸೆ ಪುಲೆಂಗ್ ತುಂಬು ಬಸುರಿ. ಜ್ವರ ಬಂತು, ಮೈಕೈ ನೋವು ಬಂತು, ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ದಕ್ಷಿಣ ಆಫ್ರಿಕಾದ ನಮ್ಮ ಗಣಿಯೂರಿನಲ್ಲಿ ಆ ತಿಂಗಳು ಇನ್ನೂ ಹಲವು ಮನೆಗಳಲ್ಲಿ ಇದೇ ಗೋಳು. ಊರಿನವರ ಕಣ್ಣು ಬಿದ್ದದ್ದು ಇಥಿಯೋಪಿಯಾದಿಂದ ಬಂದ ತಮ್ರತ್‌ನ ಪುಟ್ಟ ಅಂಗಡಿಯ ಮೇಲೆ. ಬೆಳಿಗ್ಗೆಯೇ ಯಾರೋ ಅದರ ಗಾಜು ಪುಡಿ ಮಾಡಿದ್ದರು.

ಪಕ್ಕದ ಮನೆಯ ನರ್ಸ್ ಲಿನಿಯೋ ಅಡ್ಡ ಬಂದಳು. "ಅಕ್ಕ, ಡಬ್ಬಿ ಕೆಳಗಿಡು."

"ನೀನ್ಯಾರ ಕಡೆಯವಳೇ?"

"ಪುಲೆಂಗ್ ಕಡೆಯವಳು. ಅವಳು ಮೊಸರು ತಿಂದಿದ್ದು ಯಾವಾಗ?"

"ಜ್ವರದ ಹಿಂದಿನ ದಿನ. ಇನ್ನೇನು ಬೇಕು ಸಾಕ್ಷಿ?"

"ಅವಳ ರಕ್ತದಲ್ಲಿ ಸಿಕ್ಕಿರೋದು ಲಿಸ್ಟೀರಿಯಾ ಅನ್ನೋ ಕ್ರಿಮಿ. ಅದು ವಾರಗಟ್ಟಲೆ ಒಳಗೇ ಕೂತಿದ್ದು ಆಮೇಲೆ ಎರಗುತ್ತೆ. ಕೊನೇ ತುತ್ತಿನ ಮೇಲೆ ಗೂಬೆ ಕೂರಿಸಬೇಡ. ಅದಕ್ಕೂ ಮುಂಚೆ ಏನು ತಿಂತಿದ್ದಳು?"

ಒಳಗಿನಿಂದ ಪುಲೆಂಗ್‌ಳ ಸೋತ ದನಿ ಕೇಳಿತು. "ಬ್ರೆಡ್ಡು, ಪೊಲೋನಿ. ದಿನಾ ಅದೇ."

ಪೊಲೋನಿ ಅಂದರೆ ಕಾರ್ಖಾನೆಯಲ್ಲೇ ಬೇಯಿಸಿ ಬರುವ ಮಾಂಸದ ದಪ್ಪ ಉರುಳೆ. ಹೋಳು ಕೊಯ್ದು ತಣ್ಣಗೇ ತಿನ್ನುತ್ತೇವೆ.

ಮಮೆಲ್ಲೊ ಸಿಡಿದಳು. "ಅದು ಪೇಟೆಯ ದೊಡ್ಡ ಅಂಗಡೀದು! ಇವನ ಹತ್ರ ಮಾಂಸ ಬೇಡ ಅಂತ ನಾನೇ ಹೋಗಿ ತಂದಿದ್ದು. ಫ್ರಿಜ್ಜಲ್ಲೇ ಇಟ್ಟಿದ್ದೆ!"

"ಈ ಕ್ರಿಮಿ ಫ್ರಿಜ್ಜಲ್ಲೂ ಬೆಳೆಯುತ್ತೆ, ಅಕ್ಕ. ಉಳಿದಿದ್ದು ಕೊಡು, ಮೊಸರೂ ಕೊಡು. ಎರಡನ್ನೂ ಪರೀಕ್ಷೆ ಮಾಡಿಸೋಣ. ಅಲ್ಲೀವರೆಗೆ ಬೆಂಕಿ ಬೇಡ."

ಮಮೆಲ್ಲೊ ಡಬ್ಬಿ ಕೆಳಗಿಟ್ಟಳು. ಕೆಲವು ದಿನಗಳ ಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಮೊಸರಿನಲ್ಲಿ ಏನೂ ಇರಲಿಲ್ಲ. ಪುಲೆಂಗ್‌ಳ ರಕ್ತದಲ್ಲಿದ್ದ ಕ್ರಿಮಿಯೇ ಪೊಲೋನಿಯಲ್ಲಿತ್ತು. ಅಧಿಕಾರಿಗಳು ಹುಡುಕಿಕೊಂಡು ಹೋದರೆ, ಅದನ್ನು ತಯಾರಿಸಿದ ಕಾರ್ಖಾನೆಯ ನೆಲದಲ್ಲಿ, ಚರಂಡಿಯಲ್ಲಿ ಅದೇ ಕ್ರಿಮಿ.

"ಚಂದದ ಹೊದಿಕೆ ಸುತ್ತಿ ವಿಷ ಮಾರಿದ್ರಲ್ಲೇ!" ಮಮೆಲ್ಲೊ ಲಿನಿಯೋಳತ್ತ ತಿರುಗಿದಳು. "ನಾವು ಇಲ್ಲಿ ಬಡಪಾಯಿಯ ಗಾಜು ಒಡೀತಾ ಕೂತಿದ್ವಿ. ಅಲ್ಲಿ ಅವರು ಮಾರ್ತಾನೇ ಇದ್ರು!"

ಅವಳು ನೇರ ತಮ್ರತ್‌ನ ಅಂಗಡಿಗೆ ನಡೆದಳು. ಅವಳನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೊಡೆಯೋಕೆ ಬಂದಿಲ್ಲಪ್ಪ. ತಪ್ಪಾಯ್ತು. ನೀನೂ ಆ ಪೊಲೋನಿ ಮಾರ್ತೀಯಾ?"

"ಹೌದಮ್ಮ. ನಮ್ಮನೇಲೂ ಅದೇ. ನನ್ನ ಹೆಂಡತಿ ಬಸುರಿ, ಅವಳಿಗೆ ಅದಂದ್ರೆ ಪ್ರಾಣ. ನಿನ್ನೆಯಿಂದ ಮೈ ಬಿಸಿ ಅಂತಿದಾಳೆ."

"ಅಯ್ಯೋ! ಮಾರೋದು ನಿಲ್ಸು, ಅವಳ ಕೈಯಿಂದ್ಲೂ ಕಿತ್ಕೋ! ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು. ನಡಿ, ನಾನೂ ಬರ್ತೀನಿ!"

ಅವರಿಬ್ಬರೂ ಓಡಿದರು. ತಮ್ರತ್‌ನ ಹೆಂಡತಿಗೆ ಸಕಾಲಕ್ಕೆ ಔಷಧಿ ಸಿಕ್ಕಿತು. ಅವಳ ಮಗು ಉಳಿಯಿತು. ಪುಲೆಂಗ್‌ಳ ತೊಟ್ಟಿಲು ಮಾತ್ರ ಖಾಲಿ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಬಸುರಿಯರಿಗೆ, ಮುದುಕರಿಗೆ, ರೋಗಿಗಳಿಗೆ ಕಾರ್ಖಾನೆಯ ಮಾಂಸವನ್ನು ತಣ್ಣಗೆ ಕೊಡಬೇಡಿ, ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ. ಮಾರಾಟದಿಂದ ವಾಪಸು ಪಡೆಯಬೇಕೆಂದು ಸರ್ಕಾರ ಸಾರಿದ ಸರಕನ್ನು ಬಿಸಿ ಮಾಡಿಯೂ ತಿನ್ನಬೇಡಿ. ಬಸುರಿಗೆ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಓಡಿ. ಅನುಮಾನ ಬಂದ ಆಹಾರವನ್ನು ಕಟ್ಟಿಟ್ಟು ಆರೋಗ್ಯ ಕಾರ್ಯಕರ್ತರಿಗೆ ಒಪ್ಪಿಸಿ.

ಸಿಟ್ಟು ಬರಲಿ, ಬರಲೇಬೇಕು. ಆದರೆ ಆ ಸಿಟ್ಟು ನೆರೆಯವನ ಬಾಗಿಲಿಗಲ್ಲ, ತಪ್ಪು ಮಾಡಿದವರ ಬಾಗಿಲಿಗೆ ಹೋಗಲಿ. ಹೋಗಿ ಕೇಳಿ: ನಮ್ಮ ಮಕ್ಕಳಿಗೆ ಏನು ತಿನ್ನಿಸುತ್ತಿದ್ದೀರಿ?